ಚೇಂಬರ್ ತೊಳೆಯುತ್ತಿದ್ದ ಮೇಸ್ತ್ರಿ

ಕುರುಗೋಡಿನ ಮೇಸ್ತ್ರಿ ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ, ಮತ್ತು ಆ ಹೆಸರಿಗೆ ಇಪ್ಪತ್ತು ವರ್ಷದಿಂದ ಒಂದು ತಪ್ಪು ಅಂಟಿಕೊಂಡಿದೆ. ಇಂಜಿನ್ನಿನೊಳಗೆ ಬಟ್ಟೆ ಮರೆತು ಒಂದು ಕೂಸಿನ ಜೀವ ತೆಗೆದ ಮನುಷ್ಯ ಎಂದು ಸುತ್ತಮುತ್ತಲ ಹಳ್ಳಿಗಳಲ್ಲಿ ಅವರನ್ನು ಗುರುತಿಸುತ್ತಿದ್ದರು. ಆ ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಕ್ರಮವಾಗಿ ಬರೆಯಬಹುದು.

ನಾನು ನರ್ಸ್ ಆಗಿದ್ದವಳು. ಊರು ಬಳ್ಳಾರಿ. ತಂದೆ ಕಚೇರಿಯ ಗುಮಾಸ್ತರು. ಐದಕ್ಕೆ ಏಳಬೇಕು, ಐದೂವರೆಗೆ ಸ್ನಾನವಾಗಿರಬೇಕು. ತರಬೇತಿಯ ಹಾಸ್ಟೆಲಿನಲ್ಲಿ ಹಾಸಿಗೆಯ ಮೂಲೆ ಮಡಿಸಿದ್ದು ಸರಿಯಿಲ್ಲದಿದ್ದರೆ ಮೇಟ್ರನ್ ತಿಂಡಿ ಕೊಡುತ್ತಿರಲಿಲ್ಲ. ಹೀಗೆ ಪಳಗಿದವಳು ಸಿರುಗುಪ್ಪದ ಒಂದು ಚಿಕ್ಕ ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿ ಇಪ್ಪತ್ತಾರು ವರ್ಷ ಅಲ್ಲೇ ಕೆಲಸ ಮಾಡಿದೆ. ಆ ಆಸ್ಪತ್ರೆ ಈಗ ಇಲ್ಲ. ಆ ಕಟ್ಟಡದಲ್ಲಿ ಈಗ ರಸಗೊಬ್ಬರದ ಗೋದಾಮಿದೆ.

ಆಸ್ಪತ್ರೆಯ ಹಿಂದೆ ತಗಡಿನ ಚಪ್ಪರದಡಿ ಒಂದು ಹಳೆಯ ಡೀಸೆಲ್ ಇಂಜಿನ್ ಇತ್ತು. ಒಂದೇ ಸಿಲಿಂಡರ್, ಎರಡು ಪಕ್ಕಕ್ಕೆ ಎರಡು ಭಾರದ ಗಾಲಿ, ಹ್ಯಾಂಡಲ್ ಹೊಡೆದು ಎಬ್ಬಿಸಬೇಕು. ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ ತಂದೆ ತಮ್ಮ ಅಕ್ಕಿ ಗಿರಣಿಗೆಂದು ತರಿಸಿದ್ದಂತೆ, ಬಿಳಿಯರ ಕಾಲದ್ದು. ಗಿರಣಿ ಮುಚ್ಚಿದ ಮೇಲೆ ಅದಕ್ಕೊಂದು ಡೈನಮೋ ಜೋಡಿಸಿ ಆಸ್ಪತ್ರೆಗೆ ತಂದರು. ಕರೆಂಟ್ ಹೋದಾಗ ಆಪರೇಷನ್ ಥಿಯೇಟರಿನ ದೀಪ, ಕೂಸಿನ ಗಂಟಲಿನ ನೀರು ಎಳೆಯುವ ಸಕ್ಷನ್ ಯಂತ್ರ, ಎರಡೂ ಅದರಿಂದಲೇ ನಡೆಯಬೇಕು. ಥಿಯೇಟರಿಗೆ ಕಿಟಕಿ ಇರಲಿಲ್ಲ.

ಎರಡು ತಿಂಗಳಿಗೊಮ್ಮೆ, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಕುರುಗೋಡಿನ ಬಸ್ಸಿಳಿದು ಮೇಸ್ತ್ರಿ ಬರುತ್ತಿದ್ದರು. ಕುಳ್ಳಗಿನ ಆಳು. ಕಾಕಿ ಚಡ್ಡಿ, ಬಿಳಿ ಬನಿಯನ್. ಎಣ್ಣೆಯಲ್ಲಿ ಕೈಯಾಡಿಸುವವರು ಬಿಳಿ ಯಾಕೆ ಹಾಕುತ್ತೀರಿ ಎಂದು ಕೇಳಿದೆ. "ಎಲ್ಲಿ ಸಿಡಿತು ಅಂತ ಗೊತ್ತಾಗ್ಬೇಕಲ್ರಿ ಅಮ್ಮಾರ," ಎಂದರು. ಬಂದ ಕೂಡಲೇ ಇಂಜಿನ್ನಿಗೆ ತೆಲುಗಿನಲ್ಲಿ "ಏಮಯ್ಯಾ, ಬಾಗುನ್ನಾವಾ?" ಎಂದು ಕುಶಲ ಕೇಳುತ್ತಿದ್ದರು. ಆದೋನಿಯ ಹತ್ತಿ ಮಿಲ್ಲಿನಲ್ಲಿ ಒಬ್ಬ ತೆಲುಗು ಮೇಸ್ತ್ರಿಯ ಕೈಕೆಳಗೆ ಕಲಿತವರು. ಇಂಜಿನ್ನುಗಳಿಗೆ ಕನ್ನಡ ಬರುವುದಿಲ್ಲ ಎಂದು ಅವರ ಖಚಿತ ಅಭಿಪ್ರಾಯ.

ಅವರ ಮುಖ್ಯ ಕೆಲಸ ಚೇಂಬರ್ ತೊಳೆಯುವುದು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗ್ಗು ಪಾತ್ರೆಗೆ ಚೇಂಬರ್ ಎನ್ನುತ್ತಾರೆ. ಒಳಗೆ ತಿರುಗುವ ರಾಡಿನ ತುದಿಗೆ ಚಮಚದಂಥ ಒಂದು ತುಂಡು ಇರುತ್ತದೆ. ಸುತ್ತಿದಾಗಲೆಲ್ಲ ಅದು ಚೇಂಬರಿನ ಎಣ್ಣೆಯನ್ನು ಮೊಗೆದು ಮೇಲಕ್ಕೆ ಎರಚುತ್ತದೆ. ಆ ಎಣ್ಣೆ ಬೀಳದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಚ್ಚಿಕೊಳ್ಳುತ್ತದೆ. ಇಷ್ಟನ್ನೂ ಅವರು ನನಗೆ ಒಂದು ಲೋಟದಲ್ಲಿ ನೀರು ಹಾಕಿ, ಚಮಚ ಆಡಿಸಿ ತೋರಿಸಿದ್ದರು. ನನ್ನ ಬಿಳಿ ಸೀರೆಯ ಮೇಲೂ ನೀರು ಎರಚಿತು. "ಹಾಂ, ಹಿಂಗ," ಎಂದರು.

ಮೊದಲು ಇಂಜಿನ್ನನ್ನು ಹತ್ತು ನಿಮಿಷ ಓಡಿಸುವರು. ಎಣ್ಣೆ ಬಿಸಿಯಾದಾಗಲೇ ಇಳಿಸಬೇಕು. ತಣ್ಣಗಾದರೆ ಹೊಲಸು ತಳದಲ್ಲೇ ಕೂರುತ್ತದೆ. ಆಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಚ್ಚಿ, ಬಿಚ್ಚಿದ ಸಾಲಿನಲ್ಲೇ ತಟ್ಟೆಯಲ್ಲಿಡುವರು. ಚೇಂಬರನ್ನು ಎರಡೂ ಕೈಯಲ್ಲಿ ಇಳಿಸಿ, ಬಿಸಿಲಿಗೆ ತಂದು, ತಳದ ಕರಿ ಮಡ್ಡಿಯನ್ನು ಬಿದಿರಿನ ಚಕ್ಕೆಯಿಂದ ಕೆರೆಯುವರು. ಕಬ್ಬಿಣ ತಾಗಿಸುತ್ತಿರಲಿಲ್ಲ. ಆ ಮಡ್ಡಿಯನ್ನು ಹೆಬ್ಬೆರಳಿನಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದು ನೋಡುವರು. ಬೆಳ್ಳಗೆ ಮಿನುಗಿದರೆ ಬೇರಿಂಗು ಸವೆಯುತ್ತಿದೆ, ಹಳದಿ ಮಿನುಗಿದರೆ ಬುಷ್ಷು ಎಂಬ ಕಂಚಿನ ಬಳೆ. ಒಂದು ಸಲ ಮಡ್ಡಿಯಲ್ಲಿ ಉಸುಕು ಸಿಕ್ಕಿತು. "ಇದು ನಿಮ್ಮ ಅಂಗಳದ್ದಲ್ರಿ, ಹೊಳೀ ಉಸುಕು," ಎಂದರು. ನೋಡಿದರೆ ಪಕ್ಕದ ಮನೆಯವರು ಗೋಡೆ ಕಟ್ಟಲು ಹೊಳೆಯ ಉಸುಕು ತರಿಸಿ ಜರಡಿ ಹಿಡಿಯುತ್ತಿದ್ದರು, ನಮ್ಮ ವಾರ್ಡ್‌ಬಾಯ್ ಎಣ್ಣೆ ಹುಯ್ಯುವ ಮುಚ್ಚಳ ತೆರೆದಿಟ್ಟು ಹೋಗಿದ್ದ. ನಾನು ಹದಿನೈದು ವರ್ಷ ರೋಗಿಗಳ ಪರೀಕ್ಷೆಯ ಚೀಟಿ ನೋಡಿದವಳು. ಅಷ್ಟು ಚೊಕ್ಕ ವರದಿ ಯಾರೂ ಕೊಟ್ಟಿರಲಿಲ್ಲ.

ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದು ಒರೆಸಿದ ಮೇಲೆ ಆ ಚೇಂಬರು ನನ್ನ ಸ್ಟೀಲ್ ಟ್ರೇಗಳ ಹಾಗೆ ಇರುತ್ತಿತ್ತು. ನಮ್ಮಿಬ್ಬರ ಪರಿಚಯ ಬೆಳೆದದ್ದೇ ಅಲ್ಲಿಂದ. ಅವರು ಮೊದಮೊದಲು ನೂಲಿನ ವೇಸ್ಟ್ ಉಂಡೆ ಮಾಡಿ ಒರೆಸುತ್ತಿದ್ದರು. ನಾನು ನಿಂತು ನೋಡಿ ಕೇಳಿದೆ:

"ಎಷ್ಟು ತುಂಡು ಒಳಗ ಹೋದ್ವು?"

"ಯಾರ್ ಎಣಸ್ತಾರ್ರಿ ಅಮ್ಮಾರ?"

"ಹೊಟ್ಟಿ ಬಿಚ್ಚಿದ ಮ್ಯಾಲೆ ಎಣಸ್ಬೇಕು ಮೇಸ್ತ್ರಿ. ನಾವು ಆಪರೇಷನ್ನಿನಾಗ ಬಟ್ಟಿ ಎಣಸದ ಹೊಲಿಗಿ ಹಾಕಾಂಗಿಲ್ಲ."

"ಇದಕ್ಕೂ ಬಾಣಂತನ ಮಾಡ್ತೀರೇನ್ರಿ?" ಎಂದು ನಕ್ಕರು. ಆದರೆ ಮುಂದಿನ ಸಲ ಬಂದಾಗ ಹಳೆಯ ಪಂಚೆಯನ್ನು ಒಂದೇ ಅಳತೆಗೆ ಕತ್ತರಿಸಿ ಏಳು ತುಂಡು ತಂದಿದ್ದರು. ಹೆಂಡತಿಯ ಕೈಯಲ್ಲಿ ಅಂಚು ಹೊಲಿಸಿದ್ದರು. "ಬರ್ಕೊಳ್ರಿ. ಏಳು."

ಅಂದಿನಿಂದ ಅದು ಪದ್ಧತಿಯಾಯಿತು. ಕೆಲಸ ಮುಗಿದ ಮೇಲೆ "ಅಮ್ಮಾರ, ಎಣಿಕಿ!" ಎಂದು ಕೂಗುವರು. ನಾನು ಹೋಗಿ, ಒಂದೊಂದು ಬಟ್ಟೆಯನ್ನೂ ಕಲ್ಲಿನ ಮೇಲೆ ಬಿಡಿಸಿ ಹಾಸಿ ಎಣಿಸಿ, ಇಂಜಿನ್ನಿನ ರಿಜಿಸ್ಟರಿನಲ್ಲಿ "ಏಳು, ಸರಿ" ಎಂದು ಬರೆದು ಸಹಿ ಹಾಕಬೇಕು. ನನ್ನ ಮಾತಿಲ್ಲದೆ ಅವರು ಚೇಂಬರ್ ಮುಚ್ಚುತ್ತಿರಲಿಲ್ಲ. ಒಂದು ದಿನ ನಾನು ಕಷ್ಟದ ಹೆರಿಗೆಯಲ್ಲಿದ್ದೆ. ಮಧ್ಯಾಹ್ನ ಎರಡರವರೆಗೆ ಕಾದು ಕೂತಿದ್ದರು. ಊಟವಾದರೂ ಮಾಡಬಾರದಿತ್ತೇ ಎಂದೆ. "ಇದರ ಹೊಟ್ಟಿ ಬಿಚ್ಚಿಟ್ಟು ನನ್ನ ಹೊಟ್ಟಿ ತುಂಬ್ಸಿಕೊಳ್ಲೇನ್ರಿ?" ಎಂದರು. ಗಿರಣಿಗಳ ಮೆಕ್ಯಾನಿಕರು ಅವರನ್ನು ಚಹಾದಂಗಡಿಯಲ್ಲಿ ಕಾಡುವುದು ನನಗೂ ಕೇಳುತ್ತಿತ್ತು. "ಏನಲೇ, ಹೆರಿಗಿ ಆತೇನಲೇ ನಿನ್ನ ಇಂಜಿನ್ನಿಂದು? ಗಂಡೋ ಹೆಣ್ಣೋ?" "ಎರಡೂ ಅಲ್ಲಲೇ, ಏಳು!" ಎಂದು ಇವರು ಎದೆಯುಬ್ಬಿಸಿ ಹೇಳುವರು.

ಆ ಏಳರಲ್ಲಿ ಒಂದು ಬಟ್ಟೆಗೆ ಬೇರೆ ಕೆಲಸವಿತ್ತು. ಇಂಜಿನ್ನಿನ ಒಳಗೋಡೆಯಲ್ಲಿ ಉಸಿರುಕಿಂಡಿ ಎಂದು ಅವರು ಕರೆಯುತ್ತಿದ್ದ ಒಂದು ತೂತಿದೆ. ಚೇಂಬರ್ ಇಳಿಸಿದಾಗ ಅದರಿಂದ ಧೂಳು ಬೀಳದಂತೆ ಒಳಗಿನಿಂದ ಬಟ್ಟೆ ತುರುಕುವರು. ಮುಚ್ಚುವ ಮುಂಚೆ ತೆಗೆಯಬೇಕು.

ಆ ಗುರುವಾರ ಬಸ್ಸು ಕೆಟ್ಟು ಮೇಸ್ತ್ರಿ ಎರಡು ಗಂಟೆ ತಡವಾಗಿ ಬಂದರು. ನನ್ನ ದಿನದ ಕ್ರಮ ಎಲ್ಲ ಹಿಂದೆ ಬಿತ್ತು. ನನಗೆ ಸಿಟ್ಟು ಬಂದಿತ್ತು. ಬಟ್ಟೆ, ಕತ್ತರಿ ಬೇಯಿಸುವ ಡ್ರಮ್ಮನ್ನು ಒಂದೂವರೆಗೆ ಇಳಿಸಬೇಕು, ಇಳಿಸಲು ಹೊರಟಾಗಲೇ "ಅಮ್ಮಾರ, ಎಣಿಕಿ!" ಎಂಬ ಕೂಗು. ಒದ್ದೆ ಕೈಯಲ್ಲೇ ಹೋದೆ. ಕಲ್ಲಿನ ಮೇಲೆ ಎಣ್ಣೆಯಲ್ಲಿ ನೆನೆದ ಕರಿ ಮುದ್ದೆಗಳು ಬಿದ್ದಿದ್ದವು. ಕಡ್ಡಿಯ ತುದಿಯಿಂದ ಮುಟ್ಟಿ ಎಣಿಸಿದೆ. ಏಳು.

"ಬಿಡಿಸಿ ಹಾಸ್ಲೇನ್ರಿ?" ಎಂದು ಅವರು ಕೇಳಿದರು.

"ಬ್ಯಾಡ. ಏಳು ಅದಾವ. ಮುಚ್ರಿ," ಎಂದೆ.

ಮುಚ್ಚಿದರು. ನಾನು ಬರೆದೆ, ಸಹಿ ಹಾಕಿದೆ.

ಐದು ವಾರದ ನಂತರ, ಮಧ್ಯಾಹ್ನ ಮೂರರ ಸುಮಾರಿಗೆ, ಒಂದು ಸಿಸೇರಿಯನ್ ನಡೆದಿತ್ತು. ಬಾದನಹಟ್ಟಿಗೆ ಕೊಟ್ಟ ಹುಡುಗಿ, ಚೊಚ್ಚಲಿಗೆ ಸಿರುಗುಪ್ಪದ ತವರಿಗೆ ಬಂದಿದ್ದಳು. ಕರೆಂಟ್ ಹೋಯಿತು. ವಾರ್ಡ್‌ಬಾಯ್ ಹ್ಯಾಂಡಲ್ ಹೊಡೆದ, ಇಂಜಿನ್ ಎದ್ದಿತು, ದೀಪ ಬಂತು. ಎಂಟು ನಿಮಿಷವಾಗಿರಬಹುದು. ಹೊರಗಿನ ಸದ್ದು ಭಾರವಾಯಿತು, ಕಬ್ಬಿಣ ಕಿರುಚಿದಂತೆ ಕೇಳಿತು, ನಿಂತಿತು. ಡಾಕ್ಟರು ಆಗಷ್ಟೇ ಕೂಸನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟಿದ್ದರು. ಅದರ ಗಂಟಲು ತುಂಬಿಕೊಂಡಿತ್ತು, ಅತ್ತಿರಲಿಲ್ಲ. ಸಕ್ಷನ್ ಸತ್ತಿತ್ತು. ಕಾಲಿನಲ್ಲಿ ತುಳಿಯುವ ಸಕ್ಷನ್ ಒಂದಿತ್ತು; ಅದನ್ನು ಕತ್ತಲಲ್ಲಿ ಹುಡುಕಿ, ನಳಿಗೆ ಜೋಡಿಸುವ ಹೊತ್ತಿಗೆ ತಡವಾಯಿತು. ಬೆಳಕಿದ್ದರೆ ಉಳಿಯುತ್ತಿತ್ತೇ ಎಂದು ನಾನು ಆಮೇಲೆ ಡಾಕ್ಟರನ್ನು ಕೇಳಿದೆ. "ಉಳೀಬಹುದಿತ್ತು," ಎಂದರು. ಟಾರ್ಚು ಹಿಡಿದು ತಾಯಿಗೆ ಹೊಲಿಗೆ ಹಾಕಿದರು. ತಾಯಿ ಉಳಿದಳು.

ಮೇಸ್ತ್ರಿಗೆ ಹೇಳಿ ಕಳಿಸಿದರು. ಅವರು ಮರುದಿನ ಬರುವ ಮೊದಲು, ಬೆಳಿಗ್ಗೆ ಆರಕ್ಕೆ, ನಾನು ಹಿತ್ತಲಿಗೆ ಹೋದೆ. ಆ ಬಟ್ಟೆಗಳನ್ನು ಆಯಾ ಸೋಡಾ ಹಾಕಿ ಒಗೆದು ತಂತಿಯ ಮೇಲೆ ಹಾಕುತ್ತಿದ್ದಳು, ಮುಂದಿನ ಸಲದವರೆಗೆ ಅಲ್ಲೇ ಇರುತ್ತಿದ್ದವು. ಐದು ಇಡೀ ಬಟ್ಟೆ ಇದ್ದವು. ಎರಡು ಅರ್ಧ ಇದ್ದವು. ಒಂದು ಬಟ್ಟೆ ಯಾವುದೋ ಬೋಲ್ಟಿಗೆ ಸಿಕ್ಕಿ ಹರಿದು ಎರಡಾಗಿತ್ತು. ನಾನು ಕಡ್ಡಿಯಿಂದ ಎಣಿಸಿದ ಏಳು ಇವೇ. ನಿಜವಾಗಿ ಹೊರಗೆ ಬಂದದ್ದು ಆರು. ಏಳನೆಯದು ಉಸಿರುಕಿಂಡಿಯಲ್ಲೇ ಉಳಿದಿತ್ತು.

ಬಿಡಿಸಿ ಹಾಸಿದ್ದರೆ ಒಂದು ನಿಮಿಷದ ಕೆಲಸ.

ಆ ಎರಡು ಅರ್ಧಗಳನ್ನು ತೆಗೆದುಕೊಂಡು ಹೋಗಿ ಬಿಸಿನೀರಿನ ಒಲೆಗೆ ಹಾಕಿದೆ. ಪೂರ್ತಿ ಉರಿಯುವ ತನಕ ನಿಂತಿದ್ದೆ. ನರ್ಸಿನ ಎಣಿಕೆ ತಪ್ಪಿತೆಂದು ಗೊತ್ತಾದರೆ ಥಿಯೇಟರಿಗೆ ಮತ್ತೆ ಕಾಲಿಡಲು ಬಿಡುವುದಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಕೂಸು ಇರಲಿಲ್ಲ, ಮೇಸ್ತ್ರಿಯೂ ಇರಲಿಲ್ಲ.

ಒಂಬತ್ತಕ್ಕೆ ಮೇಸ್ತ್ರಿ ಬಂದು ಚೇಂಬರ್ ಇಳಿಸಿದರು. ಎಣ್ಣೆ ಎರಚುವ ಚಮಚ ಮುರಿದಿತ್ತು, ಅದಕ್ಕೆ ಬಟ್ಟೆ ಸುತ್ತಿಕೊಂಡಿತ್ತು. ಕಿಂಡಿಯಲ್ಲಿದ್ದದ್ದು ನೆನೆದು, ಜೋತು, ಕೊನೆಗೆ ಕೆಳಗೆ ಬಿದ್ದಿತ್ತು. ಅಂಚಿನ ಹೊಲಿಗೆ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಎದ್ದು ಹಿತ್ತಲಿಗೆ ಹೋದರು.

"ಐದಾ ಅದಾವಲ್ರಿ ಅಮ್ಮಾರ?"

"ಎರಡು ಗಾಳಿಗೆ ಹಾರಿರಬೇಕು," ಎಂದೆ.

ರಿಜಿಸ್ಟರ್ ತೆಗೆದು ನನ್ನ ಸಹಿ ನೋಡಿದರು. ಬೆರಳಿಟ್ಟು ನೋಡಿದರು. ಆಮೇಲೆ ತಾವೇ ಉತ್ತರ ಕಂಡುಕೊಂಡರು. ಏಳೂ ಹೊರಗೆ ಬಂದಿವೆ ಎಂದು ನಾನು ಬರೆದಿದ್ದೇನೆ, ಅಂದರೆ ಲೆಕ್ಕಕ್ಕೆ ಸೇರದ ಎಂಟನೆಯ ತುಂಡೊಂದು ಸೊಂಟದಲ್ಲಿ ಸಿಗಿಸಿಕೊಂಡಿದ್ದಿರಬೇಕು, ಅದನ್ನೇ ಕಿಂಡಿಗೆ ತುರುಕಿರಬೇಕು. "ನಾನ ಬಿಟ್ಟೀನ್ರಿ ಸಾಹೇಬ್ರ. ಸಿಸ್ಟರ್ ಎಣಿಕಿ ಸರಿ ಐತಿ," ಎಂದು ಡಾಕ್ಟರ ಮುಂದೆ ಹೇಳಿದರು. ಗೇಟಿನಲ್ಲಿ ಕೂಸಿನ ಕಡೆಯ ಗಂಡಸರು ನಿಂತಿದ್ದರು. ಮೇಸ್ತ್ರಿಯನ್ನು ಹಿಡಿದು ಹೊಡೆದರು. ಮೇಸ್ತ್ರಿ ಕೈ ಅಡ್ಡ ತರಲಿಲ್ಲ. ಬಿಳಿ ಬನಿಯನ್ ಹರಿಯಿತು. ನಾನು ವರಾಂಡದ ಕಂಬದ ಹತ್ತಿರ ನಿಂತು ನೋಡಿದೆ.

ಡಾಕ್ಟರು ಇನ್ನು ಬರಬೇಡ ಎಂದರು. ಮೇಸ್ತ್ರಿ ಕುರುಗೋಡಿಗೆ ಹಿಂತಿರುಗಿ ರಸ್ತೆಯ ಬದಿ ಶೆಡ್ ಹಾಕಿಕೊಂಡು, ಕಾಲುವೆಯಿಂದ ನೀರೆತ್ತುವ ಇಂಜಿನ್ನುಗಳ ಕೆಲಸ ಹಿಡಿದರು. ಅಲ್ಲಿಗೂ ಸುದ್ದಿ ಹೋಗಿತ್ತು. ಕೆಲಸಕ್ಕೆ ಕರೆದವರು ಪಕ್ಕದಲ್ಲೇ ನಿಂತು, "ಏನೂ ಒಳಗ ಬಿಡಬ್ಯಾಡಪ್ಪೋ, ನಮ್ಮ ಮನ್ಯಾಗೂ ಬಸುರಿ ಅದಾಳ," ಎಂದು ಕುಹಕವಾಡುವರು.

ನಿವೃತ್ತಿಯಾಗಿ ಬಳ್ಳಾರಿಗೆ ಬಂದ ಮೇಲೆ ನಾನು ಮೂರು ಸಲ ಆ ಶೆಡ್ಡಿಗೆ ಹೋದೆ. ಮೂರು ಸಲವೂ ಹೇಳಬೇಕೆಂದೇ ಹೋದೆ. ಮೊದಲ ಸಲವೇ ಕಣ್ಣಿಗೆ ಬಿದ್ದದ್ದು, ಶೆಡ್ಡಿನಲ್ಲಿ ಒಂದು ಚೂರು ಬಟ್ಟೆ ಇರಲಿಲ್ಲ. ಚೇಂಬರನ್ನು ಬರಿಗೈಯಲ್ಲಿ ತೊಳೆಯುತ್ತಿದ್ದರು. ಡೀಸೆಲ್ ಹಾಕಿ, ಅಂಗೈಯಿಂದ ತಿಕ್ಕಿ, ಬೆರಳಿನಿಂದ ಮೂಲೆ ಕೆದಕಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸುವರು. ಅಂಗೈ ಸೀಳಿ ಸೀಳಿ ಕರಿ ಗೆರೆಗಳಾಗಿದ್ದವು, ಎರಡು ಉಗುರು ಬಿದ್ದಿದ್ದವು. ಡೀಸೆಲ್ಲಿನಲ್ಲಿ ಕೈಯಿಡಬಾರದು, ಮುಲಾಮು ಹಚ್ಚಬೇಕು ಎಂದೆ.

"ಕೈ ಎಣಸಾಕ ಬರಲ್ಲೇನ್ರಿ? ಎರಡು ಒಳಗ ಹೋಗ್ತಾವ, ಎರಡು ಹೊರಗ ಬರ್ತಾವ," ಎಂದು ನಕ್ಕು, ನನಗೆ ಸ್ಟೂಲು ಹಾಕಿ, ಮೇಲಿನ ಧೂಳನ್ನು ಬಾಯಿಂದ ಊದಿದರು. "ಅಮ್ಮಾರ ಬಂದಾರ, ಚಾ ಹೇಳ್ರೋ!"

ಚಹಾ ಕುಡಿದು ಬಂದೆ. ಮೂರು ಸಲವೂ.

ಕಳೆದ ತಿಂಗಳು ಅವರನ್ನು ಪುಪ್ಪುಸದ ಕಾಯಿಲೆಗೆ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿಯಿತು. ಭೇಟಿಯ ಸಮಯ ನಾಲ್ಕಕ್ಕೆ. ನಾಲ್ಕಕ್ಕೆ ಹೋದೆ. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬಿಡಿಸಿ ಹಾಸದೆ ಎಣಿಸಿದ್ದು, ಒಂದು ಹರಿದು ಎರಡಾದದ್ದು, ಒಲೆಗೆ ಹಾಕಿದ್ದು, ಗಾಳಿಗೆ ಹಾರಿತೆಂದು ಸುಳ್ಳು ಹೇಳಿದ್ದು. ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೆಲ್ಲಗೆ, "ಇಲ್ರಿ. ನೀವು ತಪ್ಪ ಎಣಸಾಂಗಿಲ್ಲ," ಎಂದರು.

"ಎಣಿಸಿದೆ ಮೇಸ್ತ್ರಿ. ಎರಡು ಅರ್ಧ ನನ್ನ ಕೈಯಾಗ ಇದ್ವು. ನಾನ ಸುಟ್ಟೀನಿ."

"ನಮ್ಮವ್ವ ಸಾಯೋ ಮುಂದ ನಾನೂ ಹಿಂಗ ಒಂದೊಂದು ಸುಳ್ಳು ಹೇಳಿದ್ದೆ," ಎಂದರು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ಹೊಲ ಬಿಡಿಸ್ಕಂಡೀನಿ, ತಂಗಿ ಮನಿಗೆ ಬಂದಾಳ ಅಂತ. ಆಕಿ ಸಮಾಧಾನಕ್ಕ. ನೀವು ಚಲೋ ಮನಸಿನೋರು, ಅದಕ್ಕ ಬಂದೀರಿ."

"ಸಮಾಧಾನಕ್ಕ ಹೇಳ್ತಾ ಇಲ್ರಿ. ಖರೇನ ಹೇಳ್ತಾ ಇದೀನಿ."

"ಹೌದ್ರಿ, ಹೌದ್ರಿ," ಎಂದು ಆ ಸೀಳಿದ ಅಂಗೈಯನ್ನು ನನ್ನ ಕೈಯ ಮೇಲಿಟ್ಟು ತಟ್ಟಿದರು. ಹಟ ಹಿಡಿದ ರೋಗಿಯನ್ನು ನಾನು ತಟ್ಟುತ್ತಿದ್ದದ್ದು ಹಾಗೆಯೇ. ಐದಕ್ಕೆ ಗಂಟೆ ಬಾರಿಸಿದರು. ಮರುದಿನವೂ ಹೋದೆ, ಆದರೆ ಅವರಿಗೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ದಿನಕರ್ಮಗಳು ಮುಗಿದ ಮೇಲೆ ಕುರುಗೋಡಿಗೆ ಹೋಗಿ ಅವರ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ನನಗ್ಯಾಕ ಹೇಳ್ತೀರಿ?" ಎಂದರು. "ಒಂದಿನಾರ ಅವರ ತಪ್ಪು ಅಂದೀನೇನು ನಾನು? ಆ ಬಟ್ಟಿ ಅಂಚು ಹೊಲ್ದಾಕಿ ನಾನು. ಏಳು ಹೊಲ್ದಿದ್ದೆ. ಎಂಟನೇದು ಎಲ್ಲಿಂದ ಬಂತು ಅಂತ ಎಷ್ಟ್ ಸಲ ಕೇಳಿದ್ರೂ, ಸಿಸ್ಟರ್ ಬರದಾರ, ಸುಮ್ನಿರು ಅಂತಿದ್ರು. ಅಂದೋರಿಗೆ ಹೋಗಿ ಹೇಳ್ರಿ. ಬಾದನಹಟ್ಟಿಗೆ ಹೋಗ್ರಿ."

ಆಕೆ ಹೇಳಿದ್ದು ಸರಿಯಾದ ಕ್ರಮ. ಅಲ್ಲಿಂದಲೇ ಬಾದನಹಟ್ಟಿಯ ಬಸ್ಸು ಹತ್ತಿದೆ.

ಅಂದು ಟೇಬಲ್ಲಿನ ಮೇಲೆ ಮಲಗಿದ್ದ ಹುಡುಗಿಗೆ ಈಗ ನಲವತ್ತು ದಾಟಿದೆ. ಹೊಸ್ತಿಲಲ್ಲೇ ನನ್ನ ಗುರುತು ಹಿಡಿದರು. ಒಳಗೆ ಕರೆದು ಕೂರಿಸಿದರು. ಮೇಸ್ತ್ರಿ ತೀರಿಕೊಂಡದ್ದು ಅವರಿಗೆ ತಿಳಿದಿರಲಿಲ್ಲ. ಅದನ್ನು ಹೇಳಿ, ಉಳಿದದ್ದನ್ನೂ ಹೇಳಿದೆ. ಬೈಯಬಹುದು, ಹೊಡೆಯಲೂಬಹುದು ಎಂದು ಸಿದ್ಧಳಾಗಿಯೇ ಹೋಗಿದ್ದೆ. ಆಕೆ ಗೋಡೆ ಹಿಡಿದು ನಿಂತರು.

"ವರ್ಷಾ ವರ್ಷಾ ಬರ್ತಿದ್ದನ್ರಿ ಆ ಮೇಸ್ತ್ರಿ," ಎಂದರು. "ನಾಟಿ ಮುಂಚೆ ಬಂದು, ಕಾಲುವಿ ದಂಡಿಗಿರೋ ನಮ್ಮ ಇಂಜಿನ್ ಬಿಚ್ಚಿ ತೊಳದು, ಜೋಡಿಸಿ, ಚಾಲೂ ಮಾಡಿ ಹೋಗ್ತಿದ್ದ. ನಾವೇನ್ ಕರ್ದಿರ್ಲಿಲ್ಲ. ಬ್ಯಾಡಂದ್ರೂ ಬರ್ತಿದ್ದ. ಬಿಸಿಲಾಗ ಈ ಬಾಗ್ಲಿಗೆ ಬಂದು, ತಂಗಿ, ಇಂಜಿನ್ ಆತು, ಅಂತ ಹೇಳಿ ಒಂದ್ ಗಳಿಗಿ ನಿಲ್ತಿದ್ದ." ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಒಂದ್ ಲೋಟ ನೀರು ಕೊಡ್ಲಿಲ್ರಿ ನಾನು. ಇಷ್ಟ್ ವರ್ಷದಾಗ ಒಂದ್ ಸಲನೂ."

ಹಾಗೆ ಹೇಳಿ ಒಳಗೆ ಹೋದರು. ಮತ್ತೆ ಬರುವರೆಂದು ನಾನು ಕೂತೆ. ಬರಲಿಲ್ಲ. ಅಡುಗೆಮನೆಯಲ್ಲಿ ಸದ್ದೂ ಇರಲಿಲ್ಲ. ಮುಕ್ಕಾಲು ಗಂಟೆ ಕಾದು, ಬಾಗಿಲನ್ನು ಮುಂದಕ್ಕೆ ಎಳೆದು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದೆ.